ಪಂದ್ಯಕ್ಕೆ ಸೀಟಿ ಸಾಕು, ಪಾಠಕ್ಕೆ ಕನ್ನಡ ಬೇಕು



ಮಂಡ್ಯ ಜಿಲ್ಲೆಯಲ್ಲಿ ಕನ್ನಡಕ್ಕೆ ಏನು ಕೊರತೆ ಸ್ವಾಮಿ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ೨೦೨೪ರ ಡಿಸೆಂಬರ್ ೨೦, ೨೧, ೨೨ರಂದು ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ೮೭ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ನಮ್ಮ ಮಂಡ್ಯದಲ್ಲೇ. ಸಂತೆಯಲ್ಲಿ ಕನ್ನಡ, ಆಲೆಮನೆಯಲ್ಲಿ ಕನ್ನಡ, ಮದ್ದೂರು ರೈಲು ನಿಲ್ದಾಣದಲ್ಲಿ ವಡೆ ಮಾರುವವನ ಬಾಯಲ್ಲಿ ಕನ್ನಡ. ನಾಮಫಲಕಕ್ಕೆ, ಬ್ಯಾಂಕಿನ ಚಲನ್‌ಗೆ, ರೈಲ್ವೆ ಪರೀಕ್ಷೆಗೆ ಕನ್ನಡ ಬೇಕೆಂದು ನಮ್ಮ ಹುಡುಗರು ಬೀದಿಗಿಳಿದಿದ್ದಾರೆ, ಲಾಠಿ ಏಟು ತಿಂದಿದ್ದಾರೆ.

ಆದರೆ ಒಂದು ಜಾಗದ ಮೇಲೆ ಯಾವ ಹೋರಾಟದ ಕಣ್ಣೂ ಬಿದ್ದಿಲ್ಲ. ಅದು ಕಾಲೇಜಿನ ಆಟದ ಮೈದಾನ. ಅಲ್ಲಿ ನಮ್ಮ ಮಕ್ಕಳಿಗೆ ಆಟ ಕಲಿಸುವ ಸಹಾಯಕ ತರಬೇತುದಾರ ಯಾರು? ಅವನನ್ನು ಯಾರು ನೇಮಿಸಿದರು? ಹೋದ ವರ್ಷ ಇದ್ದವನು ಈ ವರ್ಷ ಯಾಕಿಲ್ಲ? ಹೊಸದಾಗಿ ಬಂದವನಿಗೆ ನಮ್ಮ ಮಕ್ಕಳ ಮಾತು ತಿಳಿಯುತ್ತದೆಯೇ? ಈ ನಾಲ್ಕು ಪ್ರಶ್ನೆಗಳನ್ನು ಕೇಳಿದ ತಂದೆತಾಯಿ ಎಷ್ಟು ಮಂದಿ ಇದ್ದೀರಿ, ನಿಮ್ಮ ಎದೆ ಮುಟ್ಟಿ ಹೇಳಿ.

ನಾನು ಕ್ರೀಡಾಪಟುವಲ್ಲ, ಪಂಡಿತನೂ ಅಲ್ಲ. ಪಿ.ಯು.ಸಿ. ಮುಗಿಸಿ ಮುದ್ರಣಾಲಯ ನಡೆಸುತ್ತಿರುವವನು. ಆದರೂ ಈ ವಿಷಯ ಬರೆಯಲು ನನಗೆ ಕಾರಣವಿದೆ.

ಎರಡನೆಯ ಮನುಷ್ಯ

ಮೊದಲು ಈ ಸಹಾಯಕ ತರಬೇತುದಾರ ಯಾರೆಂದು ತಿಳಿಯಿರಿ. ಫುಟ್‌ಬಾಲ್ ಇರಲಿ, ಕಬಡ್ಡಿ ಇರಲಿ, ಖೊ ಖೊ ಇರಲಿ, ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಅಂತ ಒಬ್ಬರಿರುತ್ತಾರೆ. ಇದ್ದರೆ ಪುಣ್ಯ. ಅವರಿಗೆ ಕಡತ, ಪರೀಕ್ಷಾ ಕೆಲಸ, ಸಭೆ, ಎನ್ನೆಸ್ಸೆಸ್ ಶಿಬಿರ, ಮಂತ್ರಿಗಳು ಬಂದರೆ ಶಿಸ್ತು ಕಾಯುವ ಕೆಲಸ. ಬೆಳಿಗ್ಗೆ ಆರು ಗಂಟೆಗೆ ಬಲೆ ಕಟ್ಟಿ, ಸುಣ್ಣದ ಗೆರೆ ಎಳೆದು, ಹುಡುಗರನ್ನು ಓಡಿಸಿ, ಕಾಲು ಉಳುಕಿದವನನ್ನು ಕೂರಿಸಿ, ಬಸ್ಸಿಗೆ ಕಾಸಿಲ್ಲದವನಿಗೆ ತನ್ನ ಜೇಬಿನಿಂದ ಕೊಟ್ಟು ಕಳಿಸುವವನು ಈ ಎರಡನೆಯ ಮನುಷ್ಯ. ಅವನಿಗೆ ಖಾಯಮಾತಿ ಇಲ್ಲ. ಆಡಳಿತ ಮಂಡಳಿಯೋ ಕಾಲೇಜು ಸಮಿತಿಯೋ ಪಂದ್ಯಗಳ ಕಾಲಕ್ಕೆ ಕರೆದು, ಪಂದ್ಯ ಮುಗಿದ ಮೇಲೆ ಕೈಬಿಡುವ ಆಳು ಅವನು.

ಪಾಠ ಹೇಳುವ ಅತಿಥಿ ಉಪನ್ಯಾಸಕರ ಗೋಳು ನಿಮಗೆ ಗೊತ್ತಿದೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಮುಷ್ಕರ ಹೂಡಿದ ಮೇಲೆ, ೨೦೨೨ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ೨೬ ಸಾವಿರದಿಂದ ೩೨ ಸಾವಿರದವರೆಗೆ ಏರಿಸಿತು. ಅದಕ್ಕೆ ಮೊದಲು ಅವರಿಗೆ ಸಿಗುತ್ತಿದ್ದದ್ದು ೧೧ರಿಂದ ೧೩ ಸಾವಿರ. ೨೦೨೩ರ ಕೊನೆಗೆ ಮತ್ತೆ ಮುಷ್ಕರ, ೨೦೨೪ರ ಜನವರಿಯಲ್ಲಿ ಮತ್ತಷ್ಟು ಏರಿಕೆ. ಅವರು ಸಾವಿರಾರು ಮಂದಿ ಇದ್ದರು, ಒಟ್ಟಾಗಿ ಕೂಗಿದರು, ವಿಧಾನಸೌಧಕ್ಕೆ ಕೇಳಿಸಿತು. ಒಂದು ಕಾಲೇಜಿಗೊಬ್ಬ, ಎರಡು ಕಾಲೇಜಿಗೊಬ್ಬ ಇರುವ ಸಹಾಯಕ ತರಬೇತುದಾರನ ಕೂಗು ಯಾರಿಗೆ ಕೇಳಬೇಕು? ನನಗೆ ಗೊತ್ತಿರುವ ಒಬ್ಬ ಎಂ.ಪಿ.ಎಡ್. ಪದವೀಧರ ಬೇಸಿಗೆಯಲ್ಲಿ ಆಟೋ ಓಡಿಸುತ್ತಾನೆ. ಮಳೆಗಾಲದಲ್ಲಿ ಯಾವುದಾದರೂ ಕಾಲೇಜಿನಿಂದ ಫೋನ್ ಬಂದೀತೇ ಎಂದು ಕಾಯುತ್ತಾನೆ.

ನನ್ನ ಕಂಪ್ಯೂಟರ್ ಹೇಳುವ ಸತ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಶಾಲೆ ಕಾಲೇಜುಗಳಿಂದ ವಾರ್ಷಿಕ ಕ್ರೀಡಾಕೂಟದ ಆಹ್ವಾನ ಪತ್ರಿಕೆ, ಪ್ರಶಸ್ತಿ ಪತ್ರ, ರಸೀದಿ ಪುಸ್ತಕದ ಕೆಲಸ ನನ್ನ ಮುದ್ರಣಾಲಯಕ್ಕೆ ಬರುತ್ತದೆ. ಹೋದ ವರ್ಷ ಜೋಡಿಸಿದ ಪುಟ ಕಂಪ್ಯೂಟರಿನಲ್ಲಿ ಹಾಗೇ ಇರುತ್ತದೆ. ತಾರೀಖು ತಿದ್ದಿದರೆ ಮುಗಿಯಿತು. ಅಧ್ಯಕ್ಷರು ಅವರೇ, ಕಾರ್ಯದರ್ಶಿ ಅವರೇ, ಪ್ರಾಂಶುಪಾಲರು ಅವರೇ, ದೀಪ ಬೆಳಗುವವರೂ ಬಹುಪಾಲು ಅವರೇ. ತಾರೀಖು ಬಿಟ್ಟರೆ ಪ್ರತಿ ವರ್ಷ ನಾನು ಅಳಿಸಿ ಹೊಸದಾಗಿ ಹೊಡೆಯುವುದು ಒಂದೇ ಒಂದು ಸಾಲು: ಕೆಳಗಡೆ ಸಣ್ಣ ಅಕ್ಷರದ 'ಸಹಾಯಕ ತರಬೇತುದಾರರು' ಎಂಬ ಸಾಲು.

ಒಂದು ಕಾಲೇಜಿನದು ಹೇಳುತ್ತೇನೆ, ಹೆಸರು ಬೇಡ. ಐದು ವರ್ಷದ ಐದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಐದು ಹೆಸರು! ಒಬ್ಬ ಕೈಲಾಗದವನೆಂದು ಹೋದನೇ? ಇಲ್ಲ. ಆ ಐವರಲ್ಲಿ ಒಬ್ಬನ ಕಾಲದಲ್ಲಿ ತಂಡ ವಲಯ ಮಟ್ಟದಲ್ಲಿ ಗೆದ್ದು ಬಂದಿತ್ತು. ಆ ಗೆಲುವಿನ ಪ್ರಶಸ್ತಿ ಪತ್ರಕ್ಕೆ ಹಾಳೆ ಕತ್ತರಿಸಿದವನೂ ನಾನೇ. ಮುಂದಿನ ಜೂನ್‌ನಲ್ಲಿ ಅವನ ಜಾಗದಲ್ಲಿ ಬೇರೊಬ್ಬ. ಯಾಕೆ ಎಂದು ಪತ್ರಿಕೆಯ ಕರಡು ತಂದವರನ್ನು ಕೇಳಿದರೆ, 'ಮೇಲಿನವರು ಹೇಳಿದರು, ಬದಲಾಯಿಸಿದೆವು' ಎಂದರು. ಬರಹದಲ್ಲಿ ಒಂದು ಕಾರಣವಿಲ್ಲ.

ಇನ್ನೊಂದು ಮಾತು ಗಮನಿಸಿ. ಕಾಲೇಜಿನವರು ಸೀಟು ತುಂಬಿಸಲು ಕರಪತ್ರ ಮಾಡಿಸುವುದು ಕನ್ನಡದಲ್ಲಿ. ದೇಣಿಗೆ ಕೇಳುವುದು ಕನ್ನಡದಲ್ಲಿ. ಆದರೆ ಸಹಾಯಕ ತರಬೇತುದಾರ ಬೇಕಾಗಿದ್ದಾರೆ ಎಂಬ ಕನ್ನಡದ ಪ್ರಕಟಣೆಯನ್ನು ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಅಚ್ಚು ಮಾಡಿಲ್ಲ. ಮಾಡಿಸಿದರೆ ತಾನೆ! ಬಾಯಿಂದ ಬಾಯಿಗೆ ಸುದ್ದಿ, ಬೇಕಾದವರಿಗೆ ಫೋನ್. ಕೆಸ್ತೂರಿನಲ್ಲೋ ಹಲಗೂರಿನಲ್ಲೋ ಕುಳಿತ ನಮ್ಮ ಹುಡುಗನಿಗೆ ಜಾಗ ಖಾಲಿ ಇದೆಯೆಂದು ತಿಳಿಯುವ ಹೊತ್ತಿಗೆ ಭರ್ತಿಯೂ ಆಗಿರುತ್ತದೆ.

ಮಂಡಿ ಹೇಳಿದ ಮಾತು ಕೇಳಲಿಲ್ಲ

ಇದರಿಂದ ಯಾರಿಗೆ ನಷ್ಟ? ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ.

ನನ್ನ ಅಣ್ಣನ ಮಗ ಮಳವಳ್ಳಿ ತಾಲ್ಲೂಕಿನ ಹಳ್ಳಿಯಿಂದ ಕಾಲೇಜಿಗೆ ಹೋದವನು. ಊರಲ್ಲಿ ಕಬಡ್ಡಿ ಆಡುತ್ತಿದ್ದ ಹುಡುಗ ಕಾಲೇಜಿನಲ್ಲಿ ಫುಟ್‌ಬಾಲ್ ಹಿಡಿದ. ಮೂರು ವರ್ಷಕ್ಕೆ ಮೂರು ಜನ ಸಹಾಯಕ ತರಬೇತುದಾರರನ್ನು ಕಂಡ. ಮೊದಲನೆಯವನು ನಮ್ಮ ಕಡೆಯವನು. ಹುಡುಗನನ್ನು ಹಿಂದೆ ನಿಲ್ಲಿಸಿ ಎದುರಾಳಿಯನ್ನು ತಡೆಯುವುದನ್ನು ಕಲಿಸಿದ. ಆ ವರ್ಷ ಒಂದು ಪಂದ್ಯದಲ್ಲಿ ಹುಡುಗನ ಬಲಮಂಡಿ ತಿರುಚಿತು. ಆ ತರಬೇತುದಾರ ಎರಡು ತಿಂಗಳು ಅವನನ್ನು ಆಡಿಸದೆ, ನಿಧಾನವಾಗಿ ನಡೆಸಿ, ಆಮೇಲೆ ಓಡಿಸಿದ. ವರ್ಷ ಮುಗಿಯಿತು, ಅವನನ್ನು ಕಳಿಸಿದರು. ಎರಡನೆಯವನು ಬಂದು ಹುಡುಗನನ್ನು ಮುಂದಕ್ಕೆ ಕಳಿಸಿದ, ಎಡಗಡೆ ಓಡು ಎಂದ. ಅವನೂ ಹೋದ. ಮೂರನೆಯವನು ಹೊರ ರಾಜ್ಯದವನು. ಕೆಟ್ಟವನಲ್ಲ, ಆಟ ಬಲ್ಲವನೇ. ಆದರೆ ಹಿಂದಿ ಬಿಟ್ಟರೆ ಅರೆಬರೆ ಇಂಗ್ಲಿಷ್.

ಹುಡುಗ ಒಂದು ದಿನ ಅವನ ಹತ್ತಿರ ಹೋಗಿ ಹೇಳಿದ: 'ಸಾ, ಮಂಡಿ ಒಳಗೆ ಕಳಕ್ ಅಂತದೆ. ಕಾಲು ಊರಿದ್ರೆ ಜಾರ್ದಂಗಾಯ್ತದೆ.' ಆ ತರಬೇತುದಾರನಿಗೆ ನೋವು ಎಂಬ ಒಂದು ಪದ ಗೊತ್ತಿತ್ತು. 'ನೋವು? ಥೋಡಾ ಥೋಡಾ?' ಎಂದು ಕೇಳಿದ. ಹುಡುಗ ನಿಜವನ್ನೇ ಹೇಳಿದ: 'ನೋವಿಲ್ಲ ಸಾ, ಜಾರ್ತದೆ.' ನೋವಿಲ್ಲ ಎಂದಷ್ಟೇ ಆತನಿಗೆ ತಿಳಿಯಿತು. ಆಡಿಸಿದ. ಹದಿನೈದು ನಿಮಿಷದೊಳಗೆ ಹುಡುಗ ನೆಲಕ್ಕೆ ಬಿದ್ದ. ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ನಿಗೆ ಅಣ್ಣ ಕಬ್ಬಿನ ದುಡ್ಡನ್ನೆಲ್ಲ ಸುರಿದ. ಹುಡುಗ ಇವತ್ತು ನಡೆಯುತ್ತಾನೆ, ಓಡುವುದಿಲ್ಲ.

ಓದುಗರೇ, ಯಾವ ಮೂಳೆ ವೈದ್ಯರನ್ನಾದರೂ ಕೇಳಿ. ಮಂಡಿಯಲ್ಲಿ ಕಳಕ್ಕೆಂದು, ಕಾಲು ಊರಿದಾಗ ಜಾರಿದಂತಾಗುವುದು ಲಿಗಮೆಂಟಿಗೆ ಪೆಟ್ಟಾಗಿರುವುದರ ಗುರುತು. ನೋವೇ ಇಲ್ಲದಿದ್ದರೂ ಆಡಿಸಬಾರದು. ಹುಡುಗ ಸರಿಯಾಗಿಯೇ ಹೇಳಿದ್ದ, ಅಚ್ಚಗನ್ನಡದಲ್ಲಿ ಹೇಳಿದ್ದ. ಕೇಳಿಸಿಕೊಳ್ಳುವ ಕಿವಿ ಅಲ್ಲಿರಲಿಲ್ಲ. ಹಳೆಯ ಪೆಟ್ಟಿನ ಸಂಗತಿ ಬಲ್ಲವನನ್ನು ಅದಾಗಲೇ ಕಳಿಸಿಯಾಗಿತ್ತು, ಅವನು ಬರೆದಿಟ್ಟ ಒಂದು ಚೀಟಿಯೂ ಇರಲಿಲ್ಲ. ಭಾಷೆ ತಿಳಿಯದವನ ನೇಮಕ ಒಂದು ಕಡೆ, ಕಾರಣವಿಲ್ಲದ ಬದಲಾವಣೆ ಇನ್ನೊಂದು ಕಡೆ. ಎರಡೂ ಸೇರಿ ಒಬ್ಬ ಹುಡುಗನ ಕಾಲು ಕಿತ್ತುಕೊಂಡವು.

ನೋವಿಗೆ ನಮ್ಮಲ್ಲಿ ಎಷ್ಟು ಪದಗಳಿವೆ ನೋಡಿ. ಉಳುಕು, ಸೆಳೆತ, ಜೋಮು, ಚಳುಕು, ಉರಿ, ಹಿಡಿತ, ಕುಟುಕು. ಪ್ರತಿಯೊಂದೂ ಬೇರೆ. ಒಂದಕ್ಕೆ ಸುಮ್ಮನೆ ಕೂರಬೇಕು, ಒಂದಕ್ಕೆ ನೀವಿದರೆ ಸಾಕು, ಒಂದಕ್ಕೆ ಆಸ್ಪತ್ರೆಗೇ ಓಡಬೇಕು. ಈ ಪದಗಳನ್ನು ತಿಳಿಯದವನ ಕೈಗೆ ಮಕ್ಕಳ ಮೈ ಒಪ್ಪಿಸುವುದು ಯಾವ ನ್ಯಾಯ?

ಆಟಕ್ಕೆ ಭಾಷೆ ಇಲ್ಲ ಎನ್ನುವವರಿಗೆ

ಇಷ್ಟು ಹೇಳಿದ ಕೂಡಲೇ ಒಂದು ಜಾತಿಯ ಜನ ಮೂಗು ಮುರಿಯುತ್ತಾರೆ. 'ಆಟಕ್ಕೆ ಭಾಷೆಯಿಲ್ಲ, ಅಲ್ಲೂ ನಿಮ್ಮ ಕನ್ನಡ ಕನ್ನಡ ಅಂತ ಕೂಗಬೇಡಿ' ಎನ್ನುತ್ತಾರೆ. ಪಂದ್ಯಕ್ಕೆ ಭಾಷೆ ಬೇಡ, ಒಪ್ಪುತ್ತೇನೆ. ಪಂದ್ಯಕ್ಕೆ ಸೀಟಿ ಸಾಕು. ಆದರೆ ಪಂದ್ಯಕ್ಕೆ ಮೊದಲು ಮುನ್ನೂರು ಮುಂಜಾನೆಗಳ ಪಾಠವಿದೆ. ಪಾಠಕ್ಕೆ ಮಾತು ಬೇಕು.

ಹೊರಗಿನವರು ಬರಲೇಬಾರದು ಎಂಬುದು ನನ್ನ ವಾದವಲ್ಲ. ಬೆಂಗಳೂರು ಬುಲ್ಸ್ ಕಬಡ್ಡಿ ತಂಡಕ್ಕೆ ೨೦೧೪ರ ಮೊದಲ ಪಂದ್ಯಾವಳಿಯಿಂದಲೇ ಉತ್ತರದ ರಣಧೀರ್ ಸಿಂಗ್ ತರಬೇತುದಾರರಾಗಿದ್ದರು. ೨೦೧೯ರ ಜನವರಿಯಲ್ಲಿ ಆ ತಂಡ ಪ್ರೊ ಕಬಡ್ಡಿ ಗೆದ್ದಿತು. ಅವರ ಸಾಧನೆಗೆ ಕೈ ಮುಗಿಯೋಣ. ಹಾಗೆಯೇ ನಮ್ಮ ಕನ್ನಡಿಗ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ೨೦೧೯ರ ಅಕ್ಟೋಬರ್‌ನಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ ೨೦೨೪ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ತಂಡವನ್ನೂ ಗೆಲ್ಲಿಸಿದರು. ಬಂಗಾಳದವರೂ ಪುಣೆಯವರೂ ನಮ್ಮವನನ್ನು ಹೊರಗಿನವನೆಂದು ಅಟ್ಟಲಿಲ್ಲ. ಕೊನೆಗೆ ೨೦೨೫ರಲ್ಲಿ ಬುಲ್ಸ್ ತಂಡವೇ ರಮೇಶರನ್ನು ತರಬೇತುದಾರರನ್ನಾಗಿ ಕರೆಯಿತು. ಕನ್ನಡಿಗನಿಗೆ ಈ ಕೆಲಸ ಬಾರದು ಎನ್ನುವವರ ಬಾಯಿಗೆ ಇದಕ್ಕಿಂತ ಬೀಗ ಬೇಕೆ?

ಆದರೆ ಅಲ್ಲಿ ಆಡುವವರು ಸಂಬಳದ ಆಟಗಾರರು, ಹತ್ತು ರಾಜ್ಯ ಸುತ್ತಿದವರು. ಅವರಿಗೆ ಹಿಂದಿಯೂ ಬರುತ್ತದೆ, ಬಾರದಿದ್ದರೆ ಪಕ್ಕದವನು ಹೇಳುತ್ತಾನೆ. ತಂಡದ ಜೊತೆಗೇ ಫಿಸಿಯೋ ಇರುತ್ತಾನೆ. ಬೆಸಗರಹಳ್ಳಿಯಿಂದ, ಕಿರುಗಾವಲಿನಿಂದ ಮೊದಲ ಬಸ್ಸು ಹಿಡಿದು ಬರುವ ಹದಿನೆಂಟರ ಹುಡುಗಿಗೆ ಇರುವುದು ಆ ಒಬ್ಬ ಸಹಾಯಕ ತರಬೇತುದಾರ ಮಾತ್ರ. ಹೊಟ್ಟೆನೋವು, ಮುಟ್ಟಿನ ಸಂಕಟ, ಮನೆಯಲ್ಲಿ ಆಟ ಬಿಡು ಎನ್ನುತ್ತಿದ್ದಾರೆ ಎಂಬ ಕಷ್ಟ, ಇದನ್ನೆಲ್ಲ ಅವಳು ಯಾವ ಭಾಷೆಯಲ್ಲಿ ಹೇಳಬೇಕು ಸ್ವಾಮಿ?

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದು. ಮಳವಳ್ಳಿಗೆ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಬಿ. ಚೈತ್ರಾ. ೨೦೨೫ರ ಜನವರಿ ೧೯ರಂದು ದೆಹಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು ೭೮-೪೦ರಿಂದ ಸೋಲಿಸಿದರು. ಆ ತಂಡದಲ್ಲಿ ಮಿಂಚಿದವಳು ನಮ್ಮ ಚೈತ್ರಾ. ಅವಳನ್ನು ರೂಪಿಸಿದ್ದು ಪಟಿಯಾಲಾ ಅಲ್ಲ, ಪರದೇಶವಲ್ಲ. ಊರಿನ ಶಾಲೆಯ ಮೈದಾನ, ಊರಿನ ಮಾತಾಡುವ ದೈಹಿಕ ಶಿಕ್ಷಕ, ವರ್ಷ ವರ್ಷ ಬದಲಾಗದ ಅದೇ ಕಣ್ಣು. ಫುಟ್‌ಬಾಲ್‌ನದೂ ಹೀಗೇ. ೨೦೨೩ರ ಮಾರ್ಚ್ ೪ರಂದು ರಿಯಾದ್‌ನಲ್ಲಿ ಮೇಘಾಲಯವನ್ನು ೩-೨ರಿಂದ ಮಣಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಹಿಂದಿನ ಗೆಲುವು ಮೈಸೂರು ರಾಜ್ಯವೆಂಬ ಹೆಸರಿದ್ದ ೧೯೬೮-೬೯ರದು. ಐವತ್ತನಾಲ್ಕು ವರ್ಷದ ಬರ ನೀಗಿಸಿದ ತಂಡಕ್ಕೆ ತರಬೇತುದಾರರಾಗಿದ್ದವರು ರವಿಬಾಬು ರಾಜು.

ಓಟದ ಪರೀಕ್ಷೆ ಇದೆ, ಮಾತಿನ ಪರೀಕ್ಷೆ ಇಲ್ಲ

ಹಾಗಾದರೆ ನಿಯಮ ಏನು ಹೇಳುತ್ತದೆ? ಯು.ಜಿ.ಸಿ.ಯ ೨೦೧೮ರ ನಿಯಮಾವಳಿ ತೆಗೆದು ನೋಡಿ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕನಾಗಲು ಸ್ನಾತಕೋತ್ತರ ಪದವಿ ಬೇಕು, ಶೇಕಡ ೫೫ ಅಂಕ ಬೇಕು. ಜೊತೆಗೆ ಓಟದ ಪರೀಕ್ಷೆ. ೩೦ ವಯಸ್ಸಿನೊಳಗಿನ ಗಂಡಸು ೧೨ ನಿಮಿಷದಲ್ಲಿ ೧೮೦೦ ಮೀಟರ್ ಓಡಬೇಕು ಅಥವಾ ನಡೆಯಬೇಕು. ಹೆಂಗಸಾದರೆ ೮ ನಿಮಿಷದಲ್ಲಿ ೧೦೦೦ ಮೀಟರ್. ಸರಿ, ಓಡಲಿ. ಆದರೆ ಆಡುವ ಮಕ್ಕಳ ಭಾಷೆ ಬಲ್ಲೆಯಾ ಎಂದು ಕೇಳುವ ಒಂದು ಸಾಲು ಅಲ್ಲಿಲ್ಲ. ಕಾಲು ಅಳೆಯುತ್ತಾರೆ, ನಾಲಿಗೆ ಅಳೆಯುವುದಿಲ್ಲ!

ಎನ್.ಇ.ಟಿ. ಪರೀಕ್ಷೆಯ ದೈಹಿಕ ಶಿಕ್ಷಣದ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಪಟಿಯಾಲಾದಲ್ಲಿ ೧೯೬೧ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಇದ್ದರೆ ಈ ಕ್ಷೇತ್ರದಲ್ಲಿ ಮರ್ಯಾದೆ. ಅಲ್ಲಿಯ ಪಾಠವೂ ಇಂಗ್ಲಿಷ್ ಮತ್ತು ಹಿಂದಿ. ಬಿಹಾರದ, ಹರಿಯಾಣದ ಹುಡುಗ ತನ್ನ ತಾಯಿಯ ಮಾತಿಗೆ ಹತ್ತಿರದ ಭಾಷೆಯಲ್ಲಿ ಪರೀಕ್ಷೆ ಬರೆದು ಸರ್ಟಿಫಿಕೇಟ್ ಹಿಡಿದು ಬರುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗ, ಆಟದಲ್ಲಿ ಅವನಿಗಿಂತ ಮೇಲಾದರೂ, ಹಾಳೆಯ ಮೇಲೆ ಸೋಲುತ್ತಾನೆ. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇರುವುದು ಎಲ್ಲಿ? ಮಂಡ್ಯದ ಬಸ್ಸು ಬೆಂಗಳೂರು ಹೊಗುವ ಮೈಸೂರು ರಸ್ತೆಯ ಕಡೆಯ ಜ್ಞಾನಭಾರತಿಯಲ್ಲಿ. ನೆಲ ಕನ್ನಡದ್ದು, ಪಾಠ ಕನ್ನಡದ್ದಲ್ಲ.

ಆಗದ ಕೆಲಸ ಎನ್ನಬೇಡಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ತನ್ನ ಎಂ.ಟಿ.ಎಸ್. ಪರೀಕ್ಷೆಯನ್ನು ಕನ್ನಡವೂ ಸೇರಿ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ೨೦೨೩ರಲ್ಲಿ ಒಪ್ಪಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ೨೦೨೪ರಿಂದ ಕನ್ನಡದಲ್ಲೂ ಬಂತು. ಗಡಿಯಲ್ಲಿ ಬಂದೂಕು ಹಿಡಿಯುವವನಿಗೆ ಕನ್ನಡದ ಪರೀಕ್ಷೆ ಆಗುವುದಾದರೆ ಮೈದಾನದಲ್ಲಿ ಸೀಟಿ ಹಿಡಿಯುವವನಿಗೆ ಯಾಕಾಗದು?

ಇನ್ನು ನಮ್ಮ ರಾಜ್ಯದ ಮಾತು. ಲೋಕಸೇವಾ ಆಯೋಗದ ಖಾಯಂ ನೇಮಕಾತಿಗೆ ಕಡ್ಡಾಯ ಕನ್ನಡ ಪರೀಕ್ಷೆ ಇದೆ. ಆದರೆ ಕರೆದು ಕಳಿಸುವ ಈ ತಾತ್ಕಾಲಿಕ ಕೆಲಸ ಆ ಜರಡಿಯಲ್ಲಿ ಸೋಸುವುದೇ ಇಲ್ಲ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತಾಯಿತು.

ಬದಲಾಯಿಸುವುದಕ್ಕೂ ಒಂದು ರೀತಿ ಇದೆ

ತರಬೇತುದಾರನನ್ನು ಬದಲಾಯಿಸಲೇಬಾರದೇ? ಬದಲಾಯಿಸಿ. ಕೈಲಾಗದವನನ್ನು, ಮಕ್ಕಳ ಮೇಲೆ ಕೈ ಮಾಡುವವನನ್ನು, ಹೆಣ್ಣುಮಕ್ಕಳ ಹತ್ತಿರ ತಪ್ಪಾಗಿ ನಡೆಯುವವನನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ಆದರೆ ಬದಲಾಯಿಸುವುದಕ್ಕೆ ಒಂದು ರೀತಿ ನೀತಿ ಬೇಕು.

ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂದರೆ ಹುಚ್ಚು. ಅದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ದೊಡ್ಡ ಕಾಲೇಜು ತಂಡವೊಂದಕ್ಕೆ ೨೦೧೮ರಿಂದ ಹತ್ತು ಜನ ಸಹಾಯಕ ತರಬೇತುದಾರರ ಮಿತಿ ಇತ್ತು. ೨೦೨೪ರಲ್ಲಿ ಆ ಮಿತಿಯನ್ನೂ ಸಡಿಲಿಸಿದರು. ಎಸೆಯುವವರಿಗೊಬ್ಬ, ತಡೆಯುವವರಿಗೊಬ್ಬ, ಓಡುವವರಿಗೊಬ್ಬ. ಕೆಲವು ಸಹಾಯಕರ ಸಂಬಳ ವರ್ಷಕ್ಕೆ ಇಪ್ಪತ್ತು ಲಕ್ಷ ಡಾಲರ್ ಮೀರುತ್ತದೆ! ಅಲ್ಲಿ ಸೋತರೆ ಕರುಣೆಯಿಲ್ಲ. ಮುಖ್ಯ ತರಬೇತುದಾರ ಹೋದರೆ ಸಹಾಯಕರೂ ಗಂಟು ಮೂಟೆ ಕಟ್ಟುವುದು ಸಾಮಾನ್ಯ. ಆದರೂ ಬರಹದ ಒಪ್ಪಂದವಿರುತ್ತದೆ. ಅವಧಿಗೆ ಮೊದಲೇ ಕಳಿಸಿದರೆ ಒಪ್ಪಂದದಂತೆ ಪರಿಹಾರ ಕೊಡಬೇಕಾಗುತ್ತದೆ. ನಮಗೆ ಅವರ ದುಡ್ಡು ಬೇಡ, ಅವರ ಹುಚ್ಚೂ ಬೇಡ. ಅವರ ಕಾಗದವೊಂದು ಸಾಕು.

ಬೆಂಗಳೂರು ಎಫ್.ಸಿ.ಯನ್ನೇ ನೋಡಿ. ಮುಖ್ಯ ತರಬೇತುದಾರ ಆಲ್ಬರ್ಟ್ ರೋಕಾ ೨೦೧೮ರಲ್ಲಿ ಹೊರಟಾಗ ತಂಡದವರು ಹೊಸಬನನ್ನು ಹುಡುಕಿಕೊಂಡು ಹೋಗಲಿಲ್ಲ. ೨೦೧೬ರಿಂದ ರೋಕಾರ ಸಹಾಯಕನಾಗಿ ದುಡಿದಿದ್ದ ಕಾರ್ಲೆಸ್ ಕ್ವಾದ್ರಾತ್‌ನನ್ನೇ ಮೇಲೇರಿಸಿದರು. ಇಬ್ಬರೂ ಸ್ಪೇನಿನವರು, ಆದರೆ ನಾನು ಹೇಳುವುದು ಪದ್ಧತಿಯ ಮಾತು. ಆಟಗಾರರ ಬಲ, ದೌರ್ಬಲ್ಯ, ಹಳೆಯ ಪೆಟ್ಟು ಎಲ್ಲವನ್ನೂ ಬಲ್ಲ ಎರಡನೆಯ ಮನುಷ್ಯ ಮೊದಲನೆಯವನಾದ. ಆ ಋತುವಿನಲ್ಲೇ, ೨೦೧೯ರ ಮಾರ್ಚ್‌ನಲ್ಲಿ, ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಕಂಪನಿಯವರಿಗೆ ತಿಳಿದ ಈ ಲೆಕ್ಕ ನಮ್ಮ ಶಿಕ್ಷಣ ಸಂಸ್ಥೆಗಳಿಗೆ ತಿಳಿಯಬಾರದೇ?

ವಿಧಾನಸೌಧಕ್ಕೆ ಹೋಗಬೇಕಿಲ್ಲ

ಸರೋಜಿನಿ ಮಹಿಷಿ ಸಮಿತಿ ೧೯೮೬ರಲ್ಲಿ ೫೮ ಶಿಫಾರಸುಗಳ ವರದಿ ಕೊಟ್ಟಿತು. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ನಾವು ಅಂದಿನಿಂದ ಕೂಗುತ್ತಲೇ ಇದ್ದೇವೆ. ೨೦೨೪ರ ಜುಲೈನಲ್ಲಿ ಸ್ಥಳೀಯರ ಉದ್ಯೋಗ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮಿಗಳು ಗುಡುಗಿದರು, ಸರ್ಕಾರ ತಡೆಹಿಡಿಯಿತು. ಆ ಹೋರಾಟ ಬೇರೆ, ಅದು ನಿಲ್ಲಬಾರದು. ಆದರೆ ನಾನು ಹೇಳುವ ಕೆಲಸಕ್ಕೆ ಮಸೂದೆ ಬೇಕಿಲ್ಲ, ಮಂತ್ರಿಯೂ ಬೇಕಿಲ್ಲ. ಕಾಲೇಜು ಸಮಿತಿಯ ಒಂದು ಸಭೆ, ಒಂದು ನಿರ್ಣಯ ಸಾಕು.

ಒಂದು: ಸಹಾಯಕ ತರಬೇತುದಾರ ಬೇಕಾದಾಗ ಕನ್ನಡದಲ್ಲಿ ಪ್ರಕಟಣೆ ಹೊರಡಿಸಿ. ಕಾಲೇಜಿನ ಗೇಟಿಗೆ, ಪಂಚಾಯಿತಿ ಕಚೇರಿಗೆ, ಬಸ್ ನಿಲ್ದಾಣಕ್ಕೆ ಅಂಟಿಸಿ.

ಎರಡು: ಮುಚ್ಚಿದ ಕೋಣೆಯ ಸಂದರ್ಶನ ಸಾಲದು. ಅರ್ಜಿ ಹಾಕಿದವನು ಮೈದಾನಕ್ಕಿಳಿದು, ತಂಡದ ಮಕ್ಕಳಿಗೆ ಇಪ್ಪತ್ತು ನಿಮಿಷ ಕನ್ನಡದಲ್ಲಿ ಪಾಠ ಮಾಡಿ ತೋರಿಸಲಿ. ಮಕ್ಕಳು ನಿಂತು ನೋಡಲಿ, ಪೋಷಕರೂ ನೋಡಲಿ. ಯಾವ ಊರಿನವನಾದರೂ ಸರಿ, ಕನ್ನಡ ಕಲಿತು ಬಂದರೆ ಅವನೂ ನಮ್ಮವನೇ.

ಮೂರು: ನೇಮಕ ಕನಿಷ್ಠ ಮೂರು ವರ್ಷಕ್ಕಿರಲಿ. ಒಬ್ಬ ವಿದ್ಯಾರ್ಥಿ ಪದವಿ ಮುಗಿಸುವ ಅವಧಿ ಅಷ್ಟು. ನಡುವೆ ಕಳಿಸುವುದಾದರೆ ಕಾರಣ ಬರಹದಲ್ಲಿರಲಿ, ಅವನ ಮಾತನ್ನೂ ಕೇಳಿರಲಿ.

ನಾಲ್ಕು: ಪ್ರತಿ ತಂಡಕ್ಕೂ ಕನ್ನಡದಲ್ಲಿ ಒಂದು ಆಟಗಾರರ ದಾಖಲೆ ಪುಸ್ತಕ ಇರಲಿ. ಯಾರು ಯಾವ ಸ್ಥಾನದಲ್ಲಿ ಆಡುತ್ತಾರೆ, ಯಾರಿಗೆ ಎಲ್ಲಿ ಪೆಟ್ಟಾಗಿದೆ, ಯಾವಾಗ, ಏನು ಚಿಕಿತ್ಸೆ, ಯಾರಿಗೆ ಉಬ್ಬಸ, ಯಾರ ಮನೆಗೆ ಯಾರ ಮೂಲಕ ತಿಳಿಸಬೇಕು, ಎಲ್ಲವೂ ಅದರಲ್ಲಿರಲಿ. ಹೋಗುವವನು ಬರುವವನ ಕೈಗೆ ಸಹಿ ಹಾಕಿ ಒಪ್ಪಿಸಿ ಹೋಗಲಿ. ಗ್ರಾಮ ಲೆಕ್ಕಿಗ ಬದಲಾದಾಗ ಪಹಣಿ ಪುಸ್ತಕ ಒಪ್ಪಿಸುತ್ತಿರಲಿಲ್ಲವೇ? ಜಮೀನಿಗಿದ್ದ ಮರ್ಯಾದೆ ಮಕ್ಕಳ ಮೈಗೆ ಬೇಡವೇ?

ಐದು: 'ಸಾಯ್' ದಕ್ಷಿಣ ಕೇಂದ್ರದ ಪಾಠ, ಎನ್.ಇ.ಟಿ.ಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಲಿ ಎಂದು ನಮ್ಮ ಸಂಘಟನೆಗಳು ಒತ್ತಾಯ ಹೂಡಲಿ. ಇದಕ್ಕೆ ಮಾತ್ರ ಬೀದಿಗಿಳಿಯಬೇಕಾದೀತು, ಇಳಿಯೋಣ.

ಮಾತಿನ ಮಲ್ಲನಾಗಿ ಮುಗಿಸುವುದಿಲ್ಲ. ನಾಲ್ಕನೆಯ ಅಂಶದ ದಾಖಲೆ ಪುಸ್ತಕದ ಕರಡನ್ನು ನಾನೇ ಮಾಡಿದ್ದೇನೆ. ನಲವತ್ತು ಪುಟ, ಗಟ್ಟಿ ರಟ್ಟು. ನೋವು ಎಂಬ ಕಲಮಿನ ಕೆಳಗೆ ಉಳುಕು, ಸೆಳೆತ, ಜೋಮು, ಚಳುಕು, ಜಾರಿಕೆ ಎಂದು ಬೇರೆ ಬೇರೆ ಚೌಕಗಳಿವೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕಿನ ಯಾವ ಕಾಲೇಜು ಕೇಳಿದರೂ ತಂಡಕ್ಕೊಂದರಂತೆ ಮೊದಲ ವರ್ಷ ಪುಕ್ಕಟೆ ಅಚ್ಚು ಮಾಡಿಕೊಡುತ್ತೇನೆ. ಕಾಗದ ನನ್ನದು, ಮಸಿ ನನ್ನದು. ಕೇಳುವ ಮನಸ್ಸು ಅವರದಾಗಲಿ.

ಮತ್ತು ನಿಮ್ಮದೊಂದು ಕೆಲಸವಿದೆ ಓದುಗರೇ. ಈ ಜೂನ್‌ನಲ್ಲಿ ನಿಮ್ಮ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋಗುತ್ತೀರಿ. ಫೀಸು ಎಷ್ಟು ಎಂದು ಕೇಳುವ ಬಾಯಲ್ಲೇ ಇನ್ನೊಂದು ಮಾತು ಕೇಳಿ: 'ನಮ್ಮ ಮಕ್ಕಳನ್ನು ಆಡಿಸುವವರು ಯಾರು? ಅವರನ್ನು ಒಮ್ಮೆ ಮಾತಾಡಿಸಬಹುದೇ?' ಕರೆದರೆ ಕನ್ನಡದಲ್ಲಿ ಮಾತಾಡಿಸಿ. ಅವರು ಕನ್ನಡದಲ್ಲಿ ಉತ್ತರ ಕೊಟ್ಟರೆ ಕೈ ಕುಲುಕಿ, ಹೋದ ವರ್ಷವೂ ನೀವೇ ಇದ್ದಿರಾ ಎಂದು ಕೇಳಿ. ಹತ್ತು ಜನ ಪೋಷಕರು ಹೀಗೆ ಕೇಳಿದರೆ ಸಮಿತಿಯವರು ಯೋಚಿಸುತ್ತಾರೆ. ನೂರು ಜನ ಕೇಳಿದರೆ ನಿರ್ಣಯ ಬರೆಯುತ್ತಾರೆ.